ಓಲೆ, ತಂತಿ, ಅಂತರ್ಜಾಲ

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಒಂದು ಓಲೆಯನ್ನು ಬರೆದು, ಅದನ್ನು ಚಂದ್ರಹಾಸನ ಕೈಯಲ್ಲಿಯೇ ಕೊಟ್ಟು ಕಳುಹಿಸುತ್ತಾನೆ. ಓಲೆ ತಂದವನಿಗೆ ವಿಷವನ್ನು ಕೊಡಬೇಕೆಂಬುದು ಅದರ ಒಕ್ಕಣೆ. ಉದ್ಯಾನದಲ್ಲಿ ಚಂದ್ರಹಾಸ ನಿದ್ದೆಹೋಗಿರುವಾಗ ಮಂತ್ರಿಯ ಮಗಳು ವಿಷಯೆ ಆ ಓಲೆಯನ್ನು ಬಿಚ್ಚಿ ಓದುತ್ತಾಳೆ. ವಿಷವೆಂದಿದ್ದುದು ವಿಷಯೆಯೆಂದಾಗುವಂತೆ ಅಕ್ಷರವನ್ನು ತಿದ್ದಿ ಮೊದಲಿನಂತೆ ಇಟ್ಟುಬಿಡುತ್ತಾಳೆ. ಕೊಲೆ ನಡೆಯಬೇಕಾಗಿದ್ದ ಮನೆಯಲ್ಲಿ ಮದುವೆ ನಡೆಯುತ್ತದೆ. ಹರಿಕಥೆಯಲ್ಲಿ ಈ ಸಂದರ್ಭ ಬಂದಾಗ ವಿಷಯೆಯನ್ನು ಮೆಚ್ಚದವರಿಲ್ಲ. ಆದರೆ ಕಥೆಯ ರಸವನ್ನು ಒಂದು ಗಳಿಗೆ ಬದಿಗಿಟ್ಟು ನೋಡಿದರೆ ಅಲ್ಲಿ ಕಠಿಣವಾದ ಪ್ರಶ್ನೆಯೊಂದು ಅಡಗಿದೆ. ಒಬ್ಬರು ಇನ್ನೊಬ್ಬರಿಗೆ ಬರೆದ ಓಲೆಯನ್ನು ಮೂರನೆಯವರು ಒಡೆದು ಓದಬಹುದೆ? ಪ್ರಾಣವನ್ನು ಉಳಿಸುವುದಕ್ಕಾದರೆ ಓದಬಹುದೆ? ಹಾಗಾದರೆ, ಪ್ರಾಣ ಉಳಿಸುವುದಕ್ಕೆಂದು ಹೇಳಿಕೊಂಡು ದಿನವೂ ಎಲ್ಲರ ಓಲೆಗಳನ್ನೂ ಓದತೊಡಗಿದವನನ್ನು ತಡೆಯುವವರು ಯಾರು?

ಓಲೆಗರಿ ಹೋಗಿ ಕಾಗದ ಬಂತು. ಕಾಗದದ ಹಿಂದೆ ತಂತಿ, ತಂತಿಯ ಹಿಂದೆ ದೂರವಾಣಿ ಮತ್ತು ಬಾನುಲಿ, ಈಗ ಅಂತರ್ಜಾಲ. ಹಿಂದೆ ಊರಿಗೆ ಒಂದಿದ್ದ ತಂತಿ ಕಚೇರಿ ಇಂದು ಒಬ್ಬೊಬ್ಬರ ಜೇಬಿನಲ್ಲಿದೆ. ಆದರೂ ಕಾನೂನು ಕೇಳಿಕೊಂಡು ಬಂದಿರುವ ಪ್ರಶ್ನೆಗಳು ಮೂರೇ. ಸಂದೇಶವನ್ನು ನಡುವೆ ತಡೆದು ಓದುವ ಅಧಿಕಾರ ಯಾರಿಗೆ? ಮಾತನಾಡುವುದಕ್ಕೆ ಯಾರ ಅಪ್ಪಣೆ ಬೇಕು? ಬರೆದ ಮಾತಿನ ಒಡೆತನ ಯಾರದು, ಎಷ್ಟು ಕಾಲದವರೆಗೆ? ಇಂದು ಖಾಸಗಿತನ, ಅಂತರ್ಜಾಲ ಸ್ವಾತಂತ್ರ್ಯ, ಕೃತಿಸ್ವಾಮ್ಯ ಎಂದು ನಾವು ಕರೆಯುವುದು ಈ ಮೂರನ್ನೇ. ಯಂತ್ರ ಹೊಸದು, ವ್ಯಾಜ್ಯ ಹಳೆಯದು. ಆದಕಾರಣ ಈ ವಿಷಯವನ್ನು ಚರಿತ್ರೆಯ ದಾರಿಯಲ್ಲಿ ನಡೆದು ನೋಡುವುದು ಉಚಿತ.

ನಮ್ಮ ನಾಡಿನಿಂದಲೇ ಮೊದಲು ಮಾಡೋಣ. ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ನಳ ದಮಯಂತಿಯರ ನಡುವೆ ಸುದ್ದಿಯನ್ನು ಹೊತ್ತದ್ದೂ ಹಂಸವೇ. ಟಪ್ಪಾಲಿನ ಅಂಚೆಗೂ ಆ ಹಕ್ಕಿಗೂ ನಂಟು ಉಂಟೋ ಇಲ್ಲವೋ ಎಂಬುದನ್ನು ನಿಘಂಟುಕಾರರಿಗೆ ಬಿಡೋಣ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ರಾಜ್ಯದ ಉದ್ದಗಲಕ್ಕೂ ಕ್ರಮಬದ್ಧವಾದ ಅಂಚೆಯನ್ನು ಏರ್ಪಡಿಸಿದರು. ತಿರುಮಲಾರ್ಯ, ಚಿಕುಪಾಧ್ಯಾಯ, ಸಂಚಿಯ ಹೊನ್ನಮ್ಮ ಮೊದಲಾದವರಿಗೆ ಆಶ್ರಯ ಕೊಟ್ಟ ರಾಜರು ಇವರೇ. ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿ 1810ರಿಂದ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಈ ಅಂಚೆಯ ವಿಷಯವಾಗಿ ಒಂದು ವಿಶೇಷವನ್ನು ಹೇಳುತ್ತಾನೆ. ಬೇರೆ ದೇಶಗಳಲ್ಲಿ ಅಂಚೆಯಿರುವುದು ಸುದ್ದಿಯನ್ನು ಸಾಗಿಸುವುದಕ್ಕೆ. ಮೈಸೂರಿನಲ್ಲಾದರೋ ಅದು ಸುದ್ದಿಯನ್ನು ಸಂಗ್ರಹಿಸುವುದಕ್ಕೂ ಸಾಧನವಾಗಿತ್ತಂತೆ. ಅಂಚೆಯ ಅಧಿಕಾರಿಗಳು ಅರಮನೆಯ ನಂಬಿಕೆಯ ಮನುಷ್ಯರು. ಕೆಳಗಿನ ನೌಕರರು ಗೂಢಚಾರರು. ಆಯಾ ಸೀಮೆಯ ಗುಟ್ಟುಗಳು ಅವರ ಮೂಲಕ ರಾಜಧಾನಿಗೆ ತಲಪುತ್ತಿದ್ದುವಂತೆ. ವಿಲ್ಕ್ಸ್ ಬರೆದದ್ದು ಒಂದು ಶತಮಾನ ಕಳೆದ ಮೇಲೆ, ಅದೂ ಪರದೇಶಿಯ ಕಣ್ಣಿನಿಂದ. ಅವನ ಮಾತನ್ನು ತೂಗಿ ನೋಡಿಯೇ ಒಪ್ಪಬೇಕು. ಆದರೆ ಅದರೊಳಗಿನ ತತ್ತ್ವ ಸುಳ್ಳಲ್ಲ. ಓಲೆಯನ್ನು ಹೊರುವ ಕೈ ರಾಜನದಾದರೆ, ಓದುವ ಕಣ್ಣೂ ರಾಜನದಾಗುವುದು ಕಷ್ಟವಲ್ಲ. ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಸೇರಿಹೋಯಿತು.

ಬ್ರಿಟಿಷರಾದರೂ ಈ ವಿಷಯದಲ್ಲಿ ಶುದ್ಧಹಸ್ತರಾಗಿರಲಿಲ್ಲ. ಇಟಲಿಯ ದೇಶಭಕ್ತ ಮಾಟ್ಸಿನಿ ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದಾಗ ತನಗೆ ಬರುವ ಕಾಗದಗಳನ್ನು ಯಾರೋ ಒಡೆದು ಓದುತ್ತಿದ್ದಾರೆಂದು ಶಂಕಿಸಿದ. ಲಕೋಟೆಯೊಳಗೆ ಗಸಗಸೆ ಕಾಳು, ಮರಳಿನ ಕಣಗಳನ್ನು ಹಾಕಿಸಿ ಕಳುಹಿಸಿಕೊಂಡು ಪರೀಕ್ಷಿಸಿದ. ಕಾಗದ ಬಂದಾಗ ಅವು ಇರುತ್ತಿರಲಿಲ್ಲ! 1844ರಲ್ಲಿ ಈ ಸಂಗತಿ ಪಾರ್ಲಿಮೆಂಟಿಗೆ ಬಂದು ಗೃಹಮಂತ್ರಿ ಜೇಮ್ಸ್ ಗ್ರಹಾಮನ ಮೇಲೆ ದೊಡ್ಡ ಕೋಲಾಹಲವೆದ್ದಿತು. ಕಾಗದಗಳನ್ನು ಗುಟ್ಟಾಗಿ ಒಡೆಯುತ್ತಿದ್ದ ಅಂಚೆಯ ರಹಸ್ಯ ಶಾಖೆ ಆ ಗದ್ದಲದಲ್ಲಿ ಮುಚ್ಚಿಹೋಯಿತು. ಪ್ರಜೆಗಳ ಸಭೆಯೆಂಬುದು ಇದ್ದು, ಅಲ್ಲಿ ಕೇಳುವವನೊಬ್ಬ ಇದ್ದುದರಿಂದ ಇಷ್ಟಾದರೂ ಆಯಿತು.

ನಮ್ಮ ದೇಶದಲ್ಲಿ ಅಂಥ ಸಭೆ ಆಗ ಇರಲಿಲ್ಲ. 1851ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ಎಳೆದ ತಂತಿ ಕೆಲವೇ ವರ್ಷಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. 1857ರ ದಂಗೆಯ ಕಾಲದಲ್ಲಿ ತಂತಿಯ ಬೆಲೆ ಎಷ್ಟೆಂಬುದು ಬ್ರಿಟಿಷರಿಗೆ ಚೆನ್ನಾಗಿ ಅರಿವಾಯಿತು. 1885ರಲ್ಲಿ ಇಂಡಿಯನ್ ಟೆಲಿಗ್ರಾಫ್ ಶಾಸನವೆಂಬುದನ್ನು ಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸು ಹುಟ್ಟಿತೆಂಬುದನ್ನು ಜ್ಞಾಪಿಸಿಕೊಳ್ಳಬೇಕು. ಆ ಶಾಸನದ 4ನೆಯ ಪ್ರಕರಣದಂತೆ ತಂತಿಯನ್ನು ನಡೆಸುವ ಹಕ್ಕು ಸರ್ಕಾರವೊಂದಕ್ಕೇ ಸೇರಿದ್ದು. ಬೇರೆಯವರಿಗೆ ಬೇಕಾದರೆ ಲೈಸೆನ್ಸು. 5ನೆಯ ಪ್ರಕರಣದಂತೆ ಸಾರ್ವಜನಿಕ ತುರ್ತು ಒದಗಿದಾಗ ಇಲ್ಲವೆ ಸಾರ್ವಜನಿಕ ಸುರಕ್ಷತೆಯ ಸಲುವಾಗಿ ಸಂದೇಶವನ್ನು ತಡೆಯಬಹುದು, ವಶಪಡಿಸಿಕೊಳ್ಳಬಹುದು. ತುರ್ತು ಎಂದರೇನು, ಎಷ್ಟು ದಿನ ಎಂಬ ವಿವರಗಳಿಗೆ ಅಲ್ಲಿ ಎಡೆಯಿರಲಿಲ್ಲ. ಪರಕೀಯ ಪ್ರಭುತ್ವ ತನ್ನ ಅನುಕೂಲಕ್ಕೆ ಬರೆದುಕೊಂಡ ಈ ನಾಲ್ಕು ಮಾತುಗಳು ಎಷ್ಟು ಕಾಲ ಬಾಳಿದುವೆಂಬುದನ್ನು ಮುಂದೆ ನೋಡೋಣ.

ಇನ್ನು ಮಾತನಾಡುವ ಸ್ವಾತಂತ್ರ್ಯದ ಕಥೆ. 1878ರಲ್ಲಿ ಲಾರ್ಡ್ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಶಾಸನವನ್ನು ತಂದನು. ಇಂಗ್ಲಿಷ್ ಪತ್ರಿಕೆಗಳಿಗೆ ಅದು ತಗಲುತ್ತಿರಲಿಲ್ಲ. ದೇಶಭಾಷೆಗಳಲ್ಲಿ ಬರೆದವರಿಗೆ ಮಾತ್ರ ಮುಚ್ಚಳಿಕೆ, ಮುಟ್ಟುಗೋಲು. ಬಂಗಾಳದ ಅಮೃತ ಬಜಾರ್ ಪತ್ರಿಕೆ ಕೂಡಲೇ ಇಂಗ್ಲಿಷಿಗೆ ತಿರುಗಿ ಆ ಬಲೆಯಿಂದ ತಪ್ಪಿಸಿಕೊಂಡಿತು. ಲಾರ್ಡ್ ರಿಪ್ಪನ್ ಕಾಲದಲ್ಲಿ, 1882ರಲ್ಲಿ, ಆ ಶಾಸನ ರದ್ದಾಯಿತು. ದೇಶೀಯ ಸಂಸ್ಥಾನಗಳು ಈ ವಿಷಯದಲ್ಲಿ ಹಿಂದುಳಿದವೆಂದು ತಿಳಿಯಬೇಕಾಗಿಲ್ಲ. ಮೈಸೂರಿನಲ್ಲಿ 1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ವೃತ್ತಪತ್ರಿಕೆಗಳ ನಿಬಂಧನೆ ಜಾರಿಗೆ ಬಂದು ಪತ್ರಿಕೆ ನಡೆಸುವುದಕ್ಕೆ ಸರ್ಕಾರದ ಅಪ್ಪಣೆ ಅಗತ್ಯವಾಯಿತು. ತಾತಯ್ಯನವರೆಂದು ಪ್ರಖ್ಯಾತರಾದ ಎಂ. ವೆಂಕಟಕೃಷ್ಣಯ್ಯನವರು ಮೊದಲಾದವರು ಅದನ್ನು ಬಲವಾಗಿ ವಿರೋಧಿಸಿದರು. ಕೆಲವು ಪತ್ರಿಕೆಗಳು ನಿಂತೇಹೋದುವು. ಬರೆದ ಮೇಲೆ ತಪ್ಪಾದರೆ ಶಿಕ್ಷಿಸುವುದು ಬೇರೆ. ಬರೆಯುವುದಕ್ಕೆ ಮೊದಲೇ ಬಾಯಿ ಕಟ್ಟುವುದು ಬೇರೆ. ಈ ಭೇದವನ್ನು ನಮ್ಮ ಹಿರಿಯರು ಅಂದೇ ಗುರುತಿಸಿದ್ದರು.

ಬಾನುಲಿಯ ವಿಷಯಕ್ಕೆ ಬಂದರೆ, ಈ ಪತ್ರಿಕೆಯ ಓದುಗರಿಗೆ ಇದು ಮನೆಯ ಮಾತೇ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ನಿಲಯವನ್ನು ಸ್ಥಾಪಿಸಿದರು. ಅದರ ಆಕಾಶವಾಣಿಯೆಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. ಆದರೆ ಅದಕ್ಕೂ ಮೊದಲು, 1933ರಲ್ಲಿ, ನಿಸ್ತಂತು ಶಾಸನ ಬಂದಿತ್ತು. ಲೈಸೆನ್ಸಿಲ್ಲದೆ ರೇಡಿಯೋ ಪೆಟ್ಟಿಗೆಯನ್ನು ಇಟ್ಟುಕೊಳ್ಳುವುದೇ ಅದರಂತೆ ಅಪರಾಧ. ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟಿ ಬರುತ್ತಿದ್ದುದು ಹಳೆಯ ಮನೆತನಗಳಲ್ಲಿ ಅನೇಕರಿಗೆ ನೆನಪಿರಬಹುದು. ಕೇಳುವುದಕ್ಕೇ ಲೈಸೆನ್ಸು ಬೇಕಾಗಿದ್ದ ಕಾಲದಲ್ಲಿ ಹೇಳುವುದಂತೂ ದೂರದ ಮಾತು. 1942ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಅವರ ಸಂಗಡಿಗರು ಕಾಂಗ್ರೆಸ್ ರೇಡಿಯೋ ಎಂಬ ಗುಪ್ತ ಪ್ರಸಾರವನ್ನು ಪ್ರಾರಂಭಿಸಿದರು. ಜಾಗವನ್ನು ಮತ್ತೆ ಮತ್ತೆ ಬದಲಾಯಿಸುತ್ತ ನವೆಂಬರಿನವರೆಗೆ ನಡೆಸಿ, ಕೊನೆಗೆ ಸಿಕ್ಕಿಬಿದ್ದು ಸೆರೆಮನೆ ಸೇರಿದರು. ಆಕಾಶ ಯಾರ ಸ್ವತ್ತು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಬಹುಕಾಲದ ಮೇಲೆ. 1995ರ ಫೆಬ್ರವರಿ 9ರಂದು ಕ್ರಿಕೆಟ್ ಪಂದ್ಯಗಳ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ಗಾಳಿಯ ತರಂಗಗಳು ಸಾರ್ವಜನಿಕರ ಸ್ವತ್ತು, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲವೆಂದು ತೀರ್ಪು ಕೊಟ್ಟಿತು. ಅದೇ ವರ್ಷ ಆಗಸ್ಟ್ 15ರಂದು ನಮ್ಮ ದೇಶದ ಸಾರ್ವಜನಿಕರಿಗೆ ಅಂತರ್ಜಾಲದ ಬಾಗಿಲು ತೆರೆಯಿತು.

ಈಗ ಸ್ವಲ್ಪ ಹಿಂದಕ್ಕೆ, ಸಂವಿಧಾನ ಸಭೆಗೆ ಹೋಗೋಣ. ಮೂಲಭೂತ ಹಕ್ಕುಗಳ ಪಟ್ಟಿಯನ್ನು ಸಿದ್ಧಗೊಳಿಸುವಾಗ ಕೆ. ಎಂ. ಮುನ್ಷಿಯವರ ಕರಡಿನಲ್ಲಿ ಪತ್ರವ್ಯವಹಾರದ ಗೋಪ್ಯತೆಗೂ ಸ್ಥಾನವಿತ್ತು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಮತ್ತು ಬಿ. ಎನ್. ರಾವ್ ಇದನ್ನು ಒಪ್ಪಲಿಲ್ಲ. ಅಪರಾಧಗಳ ತನಿಖೆಗೂ ವಿಚಾರಣೆಗೂ ಇದರಿಂದ ಅಡ್ಡಿಯಾದೀತೆಂಬುದು ಅವರ ಶಂಕೆ. ಆ ಅಂಶ ಕೈಬಿಟ್ಟುಹೋಯಿತು. 1947ರ ಏಪ್ರಿಲ್ ತಿಂಗಳಲ್ಲಿ ಬಂಗಾಳದ ಸೋಮನಾಥ ಲಾಹಿರಿಯವರು ಅದನ್ನು ಮತ್ತೆ ಸೇರಿಸಬೇಕೆಂದು ತಿದ್ದುಪಡಿಯನ್ನು ತಂದರು. ಅದೂ ಅಂಗೀಕಾರವಾಗಲಿಲ್ಲ. ಹೀಗಾಗಿ ನಮ್ಮ ಸಂವಿಧಾನದಲ್ಲಿ ವಾಕ್ಸ್ವಾತಂತ್ರ್ಯವೆಂಬ ಮಾತು ಅಚ್ಚಾಯಿತು, ಖಾಸಗಿತನವೆಂಬ ಮಾತು ಅಚ್ಚಾಗಲಿಲ್ಲ. 1885ರ ಟೆಲಿಗ್ರಾಫ್ ಶಾಸನವಾದರೋ ಸ್ವತಂತ್ರ ಭಾರತದಲ್ಲೂ ಹಾಗೆಯೇ ಮುಂದುವರಿಯಿತು.

ಅಚ್ಚಾಗದ ಮಾತು ಸಂವಿಧಾನದೊಳಗೆ ಇದೆಯೋ ಇಲ್ಲವೋ ಎಂಬ ಜಿಜ್ಞಾಸೆ ನ್ಯಾಯಾಲಯಗಳಲ್ಲಿ 60 ವರ್ಷಗಳಿಗೂ ಮೀರಿ ನಡೆಯಿತು. 1954ರಲ್ಲಿ ಎಂಟು ಮಂದಿ ನ್ಯಾಯಾಧೀಶರ ಪೀಠವೊಂದು ಶೋಧನೆಯ ವಾರಂಟಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಅಂಥ ಹಕ್ಕನ್ನು ಒಪ್ಪಲಿಲ್ಲ. ಮುಂದೆ ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಮೊಕದ್ದಮೆ ಬಂದಿತು. ಡಕಾಯಿತಿಯ ಆರೋಪದಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದ ಅವರ ಮನೆಯ ಬಾಗಿಲನ್ನು ಪೋಲೀಸರು ನಡುರಾತ್ರಿಯಲ್ಲಿ ಬಂದು ಬಡಿಯುತ್ತಿದ್ದರು. 1962ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹಾಗೆ ರಾತ್ರಿ ಹೊತ್ತು ಮನೆಗೆ ನುಗ್ಗುವುದು ತಪ್ಪೆಂದು ಹೇಳಿತು. ಆದರೆ ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿ ಇಲ್ಲವೆಂದು ಬಹುಮತದ ನ್ಯಾಯಾಧೀಶರು ಬರೆದರು. ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನವಾಗಿ ನಿಂತು, ಖಾಸಗಿತನ ಮನುಷ್ಯನ ಸ್ವಾತಂತ್ರ್ಯದ ಅವಶ್ಯವಾದ ಅಂಗವೆಂದು ಪ್ರತಿಪಾದಿಸಿದರು. ಸೋತ ಪಕ್ಷದ ಆ ಮಾತು ಮುಂದೆ ಗೆದ್ದಿತು.

ರಾಜಕೀಯದಲ್ಲಿಯೂ ಈ ಪ್ರಶ್ನೆ ಎಷ್ಟು ಬಿಸಿಯಾಗಬಲ್ಲದೆಂಬುದನ್ನು ಕನ್ನಡಿಗರು 1988ರಲ್ಲಿ ಕಂಡರು. ದೂರವಾಣಿ ಕದ್ದಾಲಿಕೆಯ ಆರೋಪದ ಗದ್ದಲದ ನಡುವೆ ಆ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಕದ್ದಾಲಿಕೆ ಒಂದೇ ರಾಜ್ಯದ, ಒಂದೇ ಪಕ್ಷದ ಪಿಡುಗಲ್ಲವೆಂಬುದು ಮುಂದೆ ಬಯಲಾಯಿತು. ನಾಗರಿಕ ಹಕ್ಕುಗಳ ಸಂಸ್ಥೆಯೊಂದು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಆ ಹಳೆಯ 5ನೆಯ ಪ್ರಕರಣಕ್ಕೆ ಕಡಿವಾಣ ಹಾಕಿತು. ಅಪ್ಪಣೆ ಕೊಡಬೇಕಾದವರು ಗೃಹ ಇಲಾಖೆಯ ಕಾರ್ಯದರ್ಶಿಗಳು. ಅಪ್ಪಣೆ ಎರಡು ತಿಂಗಳಿಗೆ ಮುಗಿಯತಕ್ಕದ್ದು. ಮುಂದುವರಿಸಿದರೂ ಆರು ತಿಂಗಳನ್ನು ಮೀರಕೂಡದು. ಪ್ರತಿಯೊಂದು ಅಪ್ಪಣೆಯನ್ನೂ ಸಮಿತಿಯೊಂದು ಪರಿಶೀಲಿಸಬೇಕು. ವಿಷಯೆಯ ಕಥೆಗೂ ಇದಕ್ಕೂ ಇರುವ ಹೋಲಿಕೆಯನ್ನು ಗಮನಿಸಬೇಕು. ಅವಳು ಓದಿದ್ದು ಒಂದೇ ಓಲೆಯನ್ನು, ಒಂದೇ ಸಲ. ಅಲ್ಲಿ ನಿಜವಾಗಿ ಒಂದು ಪ್ರಾಣ ಅಪಾಯದಲ್ಲಿತ್ತು. ಯಾರು, ಏತಕ್ಕೆ, ಎಷ್ಟು ದಿನ ಎಂಬ ಈ ಎಲ್ಲೆಗಳನ್ನೇ ನ್ಯಾಯಾಲಯ ಸರ್ಕಾರಕ್ಕೆ ಹಾಕಿಕೊಟ್ಟಿತು. ಒಂದು ಕೊರತೆ ಮಾತ್ರ ಉಳಿಯಿತು: ಪರಿಶೀಲಿಸುವ ಸಮಿತಿಯಲ್ಲಿರುವವರೂ ಸರ್ಕಾರದ ಕಾರ್ಯದರ್ಶಿಗಳೇ, ನ್ಯಾಯಾಧೀಶರಲ್ಲ.

ಅಂತರ್ಜಾಲಕ್ಕೆಂದೇ ಮಾಡಿದ ಮಾಹಿತಿ ತಂತ್ರಜ್ಞಾನ ಶಾಸನ 2000ದ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ವ್ಯಾಪಾರದ ಪತ್ರಗಳು ಗಣಕಯಂತ್ರದ ಮೂಲಕ ಸಾಗುವಾಗ ಅವುಗಳಿಗೆ ಕಾನೂನಿನ ಮಾನ್ಯತೆ ಕೊಡುವುದು ಅದರ ಮುಖ್ಯ ಉದ್ದೇಶವಾಗಿತ್ತು. 2008ರ ಡಿಸೆಂಬರಿನಲ್ಲಿ, ಮುಂಬಯಿಯ ಭಯೋತ್ಪಾದಕರ ದಾಳಿಯ ನೆನಪು ಹಸಿಯಾಗಿದ್ದಾಗ, ಲೋಕಸಭೆ ಚರ್ಚೆಯಿಲ್ಲದೆಯೇ ಅದರ ತಿದ್ದುಪಡಿಯನ್ನು ಅಂಗೀಕರಿಸಿತು. ಹಾಗೆ ಸೇರಿದ 66-ಎ ಎಂಬ ಪ್ರಕರಣದಂತೆ ತೀರ ಆಕ್ಷೇಪಾರ್ಹವಾದ, ಕಿರಿಕಿರಿಯುಂಟುಮಾಡುವ ಸಂದೇಶಗಳನ್ನು ಕಳುಹಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ. ಕಿರಿಕಿರಿಯೆಂದರೇನು? ಒಬ್ಬರಿಗೆ ವಿನೋದವಾದದ್ದು ಇನ್ನೊಬ್ಬರಿಗೆ ಕಿರಿಕಿರಿ. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ, ನಾಯಕರೊಬ್ಬರ ಮರಣಾನಂತರದ ಬಂದನ್ನು ಪ್ರಶ್ನಿಸಿ ಬರೆದ ಯುವತಿಯನ್ನೂ, ಅದನ್ನು ಮೆಚ್ಚಿದೆನೆಂದು ಗುರುತು ಹಾಕಿದ ಇನ್ನೊಬ್ಬ ಯುವತಿಯನ್ನೂ ಪೋಲೀಸರು ಬಂಧಿಸಿದರು. ಶ್ರೇಯಾ ಸಿಂಘಾಲ್ ಎಂಬ ಕಾನೂನು ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚಲಮೇಶ್ವರ್ ಮತ್ತು ರೋಹಿಂಟನ್ ನಾರಿಮನ್ ಅವರು ಆ ಪ್ರಕರಣವನ್ನು ಪೂರ್ತಿಯಾಗಿ ರದ್ದುಪಡಿಸಿದರು. ಚರ್ಚಿಸುವುದು ಬೇರೆ, ಪ್ರತಿಪಾದಿಸುವುದು ಬೇರೆ, ದಂಗೆಗೆ ಪ್ರಚೋದಿಸುವುದು ಬೇರೆ. ಪ್ರಚೋದನೆಯ ಮಟ್ಟಕ್ಕೆ ಹೋದಾಗಲೇ ಕಾನೂನು ಕೈಯೆತ್ತಬೇಕೆಂಬುದು ಆ ತೀರ್ಪಿನ ಸಾರ. ವಿಚಿತ್ರವೆಂದರೆ, ಸತ್ತುಹೋದ ಆ ಪ್ರಕರಣದಡಿಯಲ್ಲಿ ಪೋಲೀಸ್ ಠಾಣೆಗಳು ಆಮೇಲೂ ಮೊಕದ್ದಮೆಗಳನ್ನು ದಾಖಲಿಸುತ್ತಿದ್ದುವು. 2022ರಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಎಚ್ಚರಿಸಬೇಕಾಯಿತು. ತೀರ್ಪು ದೆಹಲಿಯಿಂದ ಠಾಣೆಗೆ ತಲಪುವುದಕ್ಕೆ ಅಂತರ್ಜಾಲದ ವೇಗ ಸಾಲದು!

ಅದೇ ತೀರ್ಪಿನಲ್ಲಿ 69-ಎ ಎಂಬ ಇನ್ನೊಂದು ಪ್ರಕರಣ ಊರ್ಜಿತವಾಗಿ ಉಳಿಯಿತು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗಾಗಿ ಅಂತರ್ಜಾಲದ ಬರಹಗಳನ್ನು ಸರ್ಕಾರ ಮುಚ್ಚಿಸಬಹುದೆಂಬುದು ಅದರ ಅರ್ಥ. ಕಾರಣಗಳನ್ನು ಬರೆದಿಡಬೇಕೆಂಬ ನಿಯಮವೇನೋ ಉಂಟು. ಆದರೆ ಆ ವ್ಯವಹಾರವನ್ನು ಗೋಪ್ಯವಾಗಿಡಬೇಕೆಂಬ ನಿಯಮವೂ ಉಂಟು. ಈ ಆಜ್ಞೆಗಳನ್ನು ಪ್ರಶ್ನಿಸಿ 2022ರಲ್ಲಿ ಟ್ವಿಟರ್ ಸಂಸ್ಥೆ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 2023ರ ಜೂನ್ 30ರಂದು ಏಕಸದಸ್ಯ ಪೀಠ ಅದರ ಅರ್ಜಿಯನ್ನು ವಜಾ ಮಾಡಿ, ಆಜ್ಞೆಗಳನ್ನು ಕಾಲಕ್ಕೆ ಸರಿಯಾಗಿ ಪಾಲಿಸದಿದ್ದುದಕ್ಕಾಗಿ 50 ಲಕ್ಷ ರೂಪಾಯಿಗಳನ್ನು ತೆರಬೇಕೆಂದು ವಿಧಿಸಿತು. ಇಂಥ ವ್ಯಾಜ್ಯಗಳಲ್ಲಿ ಸರ್ಕಾರವೂ ಬಲಶಾಲಿ, ಸಂಸ್ಥೆಯೂ ಬಲಶಾಲಿ. ಬರೆದ ಸಾಮಾನ್ಯನಿಗೆ ತನ್ನ ಬರಹ ಏತಕ್ಕೆ ಮುಚ್ಚಿತೆಂದು ತಿಳಿಯುವ ದಾರಿ ಎಲ್ಲಿ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಖಾಸಗಿತನದ ವ್ಯಾಜ್ಯವನ್ನು ಕೊನೆಮುಟ್ಟಿಸಿದ ಕೀರ್ತಿ ಕನ್ನಡ ನಾಡಿನ ಹಿರಿಯರೊಬ್ಬರಿಗೆ ಸಲ್ಲುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಗ ಆ ಯೋಜನೆಗೆ ಪಾರ್ಲಿಮೆಂಟಿನ ಶಾಸನದ ಆಧಾರವೇ ಇರಲಿಲ್ಲ. ಖಾಸಗಿತನವೆಂಬ ಮೂಲಭೂತ ಹಕ್ಕು ಇಲ್ಲವೆಂದು ಸರ್ಕಾರದ ಪರವಾಗಿ ವಾದ ನಡೆಯಿತು. 1954ರ ಎಂಟು ನ್ಯಾಯಾಧೀಶರ ತೀರ್ಪನ್ನು ಎತ್ತಿ ತೋರಿಸಿದರು. ಎಂಟು ಮಂದಿಯ ಮಾತನ್ನು ಮೀರಬೇಕಾದರೆ ಒಂಬತ್ತು ಮಂದಿ ಬೇಕಷ್ಟೆ. ಒಂಬತ್ತು ನ್ಯಾಯಾಧೀಶರ ಪೀಠ ಕುಳಿತು 2017ರ ಆಗಸ್ಟ್ 24ರಂದು, ಒಬ್ಬರ ಭಿನ್ನಮತವೂ ಇಲ್ಲದೆ, ಖಾಸಗಿತನ ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸಾರಿತು. ಸುಬ್ಬರಾವ್ ಅವರ ಭಿನ್ನಮತಕ್ಕೆ 55 ವರ್ಷಗಳ ತರುವಾಯ ಜಯ ದೊರಕಿತು. ಮಾರನೆಯ ವರ್ಷ ಬಂದ ಆಧಾರ್ ತೀರ್ಪಿನಲ್ಲಿ ಯೋಜನೆ ಬಹುಮತದಿಂದ ಊರ್ಜಿತವಾಯಿತು. ಆದರೆ ಖಾಸಗಿ ಕಂಪೆನಿಗಳು ಅದನ್ನು ಬಳಸುವುದಕ್ಕೆ ತಡೆ ಬಿದ್ದಿತು. ಅರ್ಜಿ ಹಾಕಿದವರು ಕೇಳಿದ್ದೆಲ್ಲ ಅವರಿಗೆ ದೊರೆಯಲಿಲ್ಲ. ದೊರೆತದ್ದು ಮಾತ್ರ ಎಲ್ಲರದೂ ಆಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಸಂದೇಶವನ್ನು ಓದುವುದು ಒಂದು ಬಗೆ. ಸಂದೇಶದ ದಾರಿಯನ್ನೇ ಕಡಿದುಹಾಕುವುದು ಇನ್ನೊಂದು ಬಗೆ. 2019ರ ಆಗಸ್ಟಿನಲ್ಲಿ ಜಮ್ಮು ಕಾಶ್ಮೀರದಲ್ಲಿ ಅಂತರ್ಜಾಲವನ್ನು ನಿಲ್ಲಿಸಿದಾಗ, ಪತ್ರಿಕಾ ಸಂಪಾದಕಿ ಅನುರಾಧಾ ಭಾಸಿನ್ ಅವರು ನ್ಯಾಯಾಲಯಕ್ಕೆ ಹೋದರು. 2020ರ ಜನವರಿ 10ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಅಂತರ್ಜಾಲದ ಮೂಲಕ ಮಾತನಾಡುವುದಕ್ಕೂ ವೃತ್ತಿ ವ್ಯಾಪಾರ ನಡೆಸುವುದಕ್ಕೂ ಸಂವಿಧಾನದ ರಕ್ಷಣೆಯುಂಟು, ಕಾಲಮಿತಿಯಿಲ್ಲದೆ ಅದನ್ನು ನಿಲ್ಲಿಸಕೂಡದು, ನಿಲ್ಲಿಸುವ ಆಜ್ಞೆಗಳನ್ನು ಪ್ರಕಟಿಸಬೇಕು ಎಂದು ವಿಧಿಸಿತು. ನಿಲುಗಡೆಯನ್ನು ಮಾತ್ರ ಆ ಕೂಡಲೇ ತೆಗೆಯಿಸಲಿಲ್ಲ. ಆ ನಿಲುಗಡೆಗೆ ಆಧಾರವಾಗಿದ್ದ ನಿಯಮಗಳು ಹುಟ್ಟಿದ್ದು ಎಲ್ಲಿಂದ? ಅದೇ 1885ರ ಶಾಸನದಿಂದ. 2013ರ ಜುಲೈ ತಿಂಗಳಲ್ಲಿ ನಮ್ಮ ತಂತಿ ಕಚೇರಿಗಳು ಕೊನೆಯ ತಂತಿಯನ್ನು ಕಳುಹಿಸಿ ಬಾಗಿಲು ಹಾಕಿದುವು. ತಂತಿ ಸತ್ತಮೇಲೂ ತಂತಿಯ ಶಾಸನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೀವಂತವಾಗಿತ್ತು!

ಇನ್ನು ಉಳಿದದ್ದು ಬರೆದ ಮಾತಿನ ಒಡೆತನ. ನಮ್ಮ ಪೂರ್ವಿಕರಲ್ಲಿ ಗ್ರಂಥವನ್ನು ಪ್ರತಿಮಾಡುವುದು ಪುಣ್ಯದ ಕೆಲಸವಾಗಿತ್ತು. ರನ್ನನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಅಚ್ಚಿನ ಯಂತ್ರ ಬಂದು ಪ್ರತಿ ಮಾಡುವುದು ವ್ಯಾಪಾರವಾದಾಗ ಒಡೆತನದ ಪ್ರಶ್ನೆ ಎದ್ದಿತು. 1710ರಲ್ಲಿ ಇಂಗ್ಲೆಂಡಿನ ರಾಣಿ ಆನ್ ಕಾಲದ ಶಾಸನ ಗ್ರಂಥಕರ್ತನಿಗೆ 14 ವರ್ಷಗಳ ಹಕ್ಕನ್ನು ಕೊಟ್ಟು, ಅವನು ಬದುಕಿದ್ದರೆ ಇನ್ನೊಂದು 14 ವರ್ಷಗಳನ್ನು ಸೇರಿಸಿತು. 1741ರಲ್ಲಿ ಕವಿ ಅಲೆಗ್ಸಾಂಡರ್ ಪೋಪ್ ತನ್ನ ಕಾಗದಗಳನ್ನು ಅಚ್ಚುಹಾಕಿದ ಪುಸ್ತಕ ವ್ಯಾಪಾರಿಯ ಮೇಲೆ ಹೂಡಿದ ಮೊಕದ್ದಮೆ ಸ್ವಾರಸ್ಯವಾದದ್ದು. ಕಾಗದದ ಹಾಳೆ ಅದನ್ನು ಪಡೆದವನದು; ಅದರಲ್ಲಿ ಬರೆದ ಮಾತು ಬರೆದವನದೇ ಎಂದು ಅಲ್ಲಿ ತೀರ್ಮಾನವಾಯಿತು. ಗೋಪ್ಯತೆ ಮತ್ತು ಗ್ರಂಥಸ್ವಾಮ್ಯ ಎರಡೂ ಒಂದೇ ಲಕೋಟೆಯಲ್ಲಿ ಕೂಡಿದ ಸಂದರ್ಭವಿದು.

ನಮ್ಮ ಸ್ವಂತ ಕೃತಿಸ್ವಾಮ್ಯ ಶಾಸನ 1957ರಲ್ಲಾಗಿ 1958ರ ಜನವರಿಯಿಂದ ಜಾರಿಗೆ ಬಂದಿತು. ಗ್ರಂಥಕರ್ತನ ಆಯುಷ್ಯ, ಆಮೇಲೆ 50 ವರ್ಷ ಎಂಬುದು ಅಂದಿನ ಅವಧಿ. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. 1991 ಮುಗಿಯುತ್ತಲೇ ಅವರ ಕೃತಿಗಳು ಎಲ್ಲರ ಸ್ವತ್ತಾಗಬೇಕಾಗಿತ್ತು. ಅಷ್ಟರಲ್ಲಿ, ಅವರ ಕೃತಿಗಳ ಹಕ್ಕು ವಿಶ್ವಭಾರತಿಯಲ್ಲಿಯೇ ಉಳಿಯಬೇಕೆಂಬ ಒತ್ತಾಯ ಬಲವಾಗಿ, ಆ ಡಿಸೆಂಬರಿನ ಕೊನೆಯ ವಾರದಲ್ಲಿ ಸುಗ್ರೀವಾಜ್ಞೆಯ ಮೂಲಕ ಅವಧಿಯನ್ನು 60 ವರ್ಷಗಳಿಗೆ ಏರಿಸಿದರು. ಕವಿಯೊಬ್ಬರ ನಿಮಿತ್ತದಿಂದ ಆದ ತಿದ್ದುಪಡಿ ಎಲ್ಲ ಭಾಷೆಗಳ ಎಲ್ಲ ಲೇಖಕರಿಗೂ ಅನ್ವಯಿಸಿತು. 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಯವರ ಮತ್ತು ಕೈಲಾಸಂ ಅವರ ಕೃತಿಗಳು 2007ರ ಆರಂಭದಲ್ಲಿ ಮುಕ್ತವಾದುವು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳು ಈಗಿನ ಕಾನೂನಿನಂತೆ 2041ರ ಕೊನೆಯವರೆಗೂ ಸ್ವಾಮ್ಯದಲ್ಲಿರುತ್ತವೆ. ಲೇಖಕನ ಸಂಸಾರಕ್ಕೆ ಅನ್ನವೂ ಬೇಕು, ಓದುಗನಿಗೆ ಪುಸ್ತಕವೂ ಬೇಕು. ಆ ತಕ್ಕಡಿಯನ್ನು ಹಿಡಿದಿರುವುದು ಶಾಸನಸಭೆ. 2012ರ ತಿದ್ದುಪಡಿಯಲ್ಲಿ ಚಲನಚಿತ್ರದ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಗೌರವಧನದ ಪಾಲನ್ನು ಭದ್ರಪಡಿಸಿದರು. ಅಂಧರಿಗೂ ಇತರ ಅಂಗವಿಕಲರಿಗೂ ಓದಲು ಬರುವಂತೆ ಪುಸ್ತಕಗಳನ್ನು ರೂಪಾಂತರಿಸಲು ಅವಕಾಶ ಮಾಡಿದರು. ಅಂಧರ ಓದಿಗಾಗಿ ಮರಾಕೇಶ್ ನಗರದಲ್ಲಿ 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ನಮ್ಮದು. ಅತ್ತಿಮಬ್ಬೆಯ ನಾಡಿಗೆ ಇದು ಒಪ್ಪುವ ಕೆಲಸ.

2023ರಲ್ಲಿ ಎರಡು ಹೊಸ ಶಾಸನಗಳಾದುವು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಆಗಸ್ಟಿನಲ್ಲಿ ಆದ ಶಾಸನ, ನಮ್ಮ ವಿವರಗಳನ್ನು ಎಚ್ಚರದಿಂದ ಕಾಯದ ಸಂಸ್ಥೆಗಳಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಗೊತ್ತುಪಡಿಸಿದೆ. ಸರ್ಕಾರ ತನ್ನ ಅಂಗಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಕೊಡುವುದಕ್ಕೂ ಎಡೆಯಿಟ್ಟಿದೆ. ಡಿಸೆಂಬರಿನಲ್ಲಿ ಆದ ದೂರಸಂಪರ್ಕ ಶಾಸನ 1885ರ ಮತ್ತು 1933ರ ಶಾಸನಗಳ ಸ್ಥಾನದಲ್ಲಿ ಕುಳಿತಿದೆ. 2024ರ ಜೂನ್ ತಿಂಗಳಿಂದ ಅದರ ಮುಖ್ಯ ಪ್ರಕರಣಗಳು ಜಾರಿಗೆ ಬಂದಿವೆ. ಅದರ 20ನೆಯ ಪ್ರಕರಣವನ್ನು ಓದಿದವರಿಗೆ ಹಳೆಯ ಪರಿಚಯವೊಂದು ಕಾಣುತ್ತದೆ: ಸಾರ್ವಜನಿಕ ತುರ್ತು, ಸಾರ್ವಜನಿಕ ಸುರಕ್ಷತೆ. ಮನೆ ಹೊಸದು, ಹೊಸಲು ಹಳೆಯದು.

ರಾಜ್ಯವನ್ನು ಕಾಯುವವರಿಗೆ ಕಣ್ಣು ಕಿವಿಗಳು ಬೇಡವೆಂದು ಯಾವ ವಿವೇಕಿಯೂ ಹೇಳಲಾರ. ಬಾಂಬಿಡುವವನ ಸಂದೇಶವನ್ನು ತಡೆಯಲೇಬೇಕು. ಆದರೆ ಆ ಅಧಿಕಾರಕ್ಕೆ ಎಲ್ಲೆ ಹಾಕುವ ಮಾತುಗಳು ತಾವಾಗಿಯೇ ಶಾಸನದಲ್ಲಿ ಮೂಡಿಬರುವುದಿಲ್ಲ. ಲಾಹಿರಿಯವರು ಸಭೆಯಲ್ಲಿ ಎದ್ದು ನಿಂತರು, ಸೋತರು. ಸುಬ್ಬರಾವ್ ಅವರು ಭಿನ್ನಮತವನ್ನು ಬರೆದರು. ಕಾನೂನು ಓದುತ್ತಿದ್ದ ತರುಣಿಯೊಬ್ಬರು, ನಿವೃತ್ತರಾದ ವೃದ್ಧರೊಬ್ಬರು ಅರ್ಜಿ ಹಾಕಿದರು. ನಮ್ಮ ಮನೆಯ ಮಕ್ಕಳು ಇಂದು ಕೈಯಲ್ಲಿ ಹಿಡಿದಿರುವ ಯಂತ್ರದಲ್ಲಿ ಯಾರು ಓದಬಹುದು, ಯಾರು ಬಾಯಿ ಮುಚ್ಚಿಸಬಹುದು ಎಂಬುದು ಇಂಥ ಕೆಲವರ ಹಟದಿಂದ ಒಂದಿಷ್ಟಾದರೂ ಹದಕ್ಕೆ ಬಂದಿದೆ. ಹೊಸ ಶಾಸನದ ಸುದ್ದಿ ಬಾನುಲಿಯಲ್ಲಿ ಬಂದಾಗ ನಾವು ಮೂರು ಪ್ರಶ್ನೆಗಳನ್ನು ಹಾಕುವ ಅಭ್ಯಾಸವಿಟ್ಟುಕೊಂಡರೆ ಸಾಕು. ಅಪ್ಪಣೆ ಕೊಡುವವರು ಯಾರು? ಅದು ಎಷ್ಟು ದಿನಕ್ಕೆ? ಅಪ್ಪಣೆ ತಪ್ಪಾದರೆ ವಿಚಾರಿಸುವವರು ಯಾರು? ಈ ಮೂರಕ್ಕೂ ಸ್ಪಷ್ಟವಾದ ಉತ್ತರವಿರುವ ಶಾಸನಕ್ಕೆ ಪ್ರಜೆ ಅಂಜಬೇಕಾದ್ದಿಲ್ಲ. ಉತ್ತರವಿಲ್ಲದ ಶಾಸನವನ್ನು ನಮ್ಮ ಪ್ರತಿನಿಧಿಗಳು ಮತ ಕೇಳಲು ಮನೆ ಬಾಗಿಲಿಗೆ ಬಂದಾಗ ಅವರ ಮುಂದಿಟ್ಟು ವಿಚಾರಿಸಬೇಕಾದದ್ದು ನಮ್ಮ ಕರ್ತವ್ಯ.